ಕೆರಿಬಿಯನ್ ದ್ವೀಪಗಳ ಮರಳು ಲೂಟಿ: ಕದ್ದವರು ಯಾರು, ಅನುಮತಿ ಕೊಟ್ಟವರು ಯಾರು?

ಕಡಲತಡಿ

2008ರ ಜುಲೈ ತಿಂಗಳಲ್ಲಿ ಜಮೈಕಾದ ಉತ್ತರ ಕರಾವಳಿಯ ಟ್ರೆಲಾನಿ ಪ್ರಾಂತ್ಯದಲ್ಲಿರುವ ಕೋರಲ್ ಸ್ಪ್ರಿಂಗ್ ಎಂಬ ಕಡಲತೀರದಿಂದ ಸುಮಾರು 400 ಮೀಟರ್ ಉದ್ದಕ್ಕೂ ಬಿಳಿ ಮರಳನ್ನು ಬಳಿದುಕೊಂಡು ಹೋದ ಪ್ರಕರಣ ಹಲವರಿಗೆ ನೆನಪಿರಬಹುದು. ಸುಮಾರು 500 ಲಾರಿ ಲೋಡು ಮರಳು ಹೋಗಿತ್ತು ಎಂದು ಆಗಿನ ವರದಿಗಳು ಹೇಳಿದವು. ಅಲ್ಲಿ ಹೊಸದೊಂದು ರೆಸಾರ್ಟ್ ಕಟ್ಟುವ ಯೋಜನೆಯಿತ್ತು. ತೀರವೇ ಇಲ್ಲವಾದ ಮೇಲೆ ಯೋಜನೆಯೂ ನಿಂತುಹೋಯಿತು. ತನಿಖೆ ನಿಧಾನವಾದಾಗ ಆಗಿನ ಪ್ರಧಾನಿ ಬ್ರೂಸ್ ಗೋಲ್ಡಿಂಗ್ ಅವರೇ ವರದಿ ಕೇಳಬೇಕಾಯಿತು. ಪೊಲೀಸರು ಬೇರೆ ಬೇರೆ ತೀರಗಳ ಮರಳಿನ ಮಾದರಿಗಳನ್ನು ಸಂಗ್ರಹಿಸಿ ಹೋಲಿಸಿದರು, ಕೆಲವರ ಮೇಲೆ ಮೊಕದ್ದಮೆಯನ್ನೂ ಹೂಡಿದರು. ಆದರೆ ಮುಖ್ಯ ಸಾಕ್ಷಿ ಹಿಂದೆ ಸರಿದದ್ದರಿಂದ ಪ್ರಕರಣ ಬಿದ್ದುಹೋಯಿತು, ಯಾರಿಗೂ ಶಿಕ್ಷೆಯಾಗಲಿಲ್ಲ.

ಈ ಸುದ್ದಿಯನ್ನು ನಮ್ಮ ಪತ್ರಿಕೆಗಳೂ ಒಂದು ವಿಚಿತ್ರವೆಂಬಂತೆ ಚೌಕಟ್ಟಿನಲ್ಲಿ ಹಾಕಿ ಮುಗಿಸಿದವು. ನನಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಇಷ್ಟು ಮರಳು ಹೋಗಬೇಕಾದರೆ ಯಂತ್ರ ಬಾಡಿಗೆಗೆ ಕೊಟ್ಟವರು, ಲಾರಿ ಓಡಿಸಿದವರು, ರಸ್ತೆಯಲ್ಲಿ ನೋಡಿ ಸುಮ್ಮನಿದ್ದವರು, ಎಲ್ಲಕ್ಕಿಂತ ಮಿಗಿಲಾಗಿ ಮುಂಗಡ ಕೊಟ್ಟು ಕಾದು ಕುಳಿತ ಕೊಳ್ಳುಗರು ಇರಲೇಬೇಕು. ಕೊಂಡವರ ಹೆಸರು ಮಾತ್ರ ಕೊನೆಯವರೆಗೂ ನ್ಯಾಯಾಲಯದ ಮುಂದೆ ಬರಲಿಲ್ಲ. ಆ ಭಾಗದ ಮರಳುಗಾರಿಕೆಯನ್ನು ಬಲ್ಲವರು ಇಲ್ಲಿದ್ದರೆ, 'ಮಾಫಿಯಾ' ಎಂಬ ಒಂದೇ ಪದದಲ್ಲಿ ಮುಗಿಸದೆ, ಮರಳು ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂಬುದನ್ನು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಹಳೇ ಎಂಜಿನಿಯರ್

ಕಡಲತಡಿ ಅವರೇ, ಮೊದಲು ಲೆಕ್ಕ ಹಾಕೋಣ. 400 ಮೀಟರ್ ಉದ್ದ, 10 ಮೀಟರ್ ಅಗಲ, 1 ಮೀಟರ್ ಆಳ ಎಂದು ಹಿಡಿದರೆ 4,000 ಘನ ಮೀಟರ್ ಆಗುತ್ತದೆ. ನಮ್ಮ ಹತ್ತು ಗಾಲಿಯ ಟಿಪ್ಪರಿಗೆ ಒಂದು ಲೋಡಿನಲ್ಲಿ ಸುಮಾರು 8 ಘನ ಮೀಟರ್, ಅಂದರೆ 280 ಘನ ಅಡಿಯಷ್ಟು ಮರಳು ಹಿಡಿಯುತ್ತದೆ ಎಂದುಕೊಂಡರೆ ಸರಿಯಾಗಿ 500 ಲೋಡು ಬರುತ್ತದೆ. ಅಗಲ ಮತ್ತು ಆಳ ನನ್ನ ಊಹೆ, ಆದರೂ ವರದಿಯ ಎರಡು ಅಂಕಿಗಳು ಒಂದಕ್ಕೊಂದು ಹೊಂದುತ್ತವೆ. ಒಂದು ಲೋಡರ್ ಐದು ನಿಮಿಷಕ್ಕೊಂದು ಟಿಪ್ಪರ್ ತುಂಬುತ್ತದೆ ಎಂದರೆ, ಎರಡು ಲೋಡರ್‌ಗಳು ಎಡೆಬಿಡದೆ ದುಡಿದರೂ 20 ಗಂಟೆಗಿಂತ ಹೆಚ್ಚು ಬೇಕು. 'ರಾತ್ರೋರಾತ್ರಿ ಕಡಲತೀರವೇ ಕಳುವಾಯಿತು' ಎಂಬ ಶೀರ್ಷಿಕೆ ಓದಲು ಚೆನ್ನಾಗಿರುತ್ತದೆ, ಆದರೆ ಅಷ್ಟು ಲಾರಿಗಳು ಹಲವು ರಾತ್ರಿ ಅದೇ ಕಿರುದಾರಿಯಲ್ಲಿ ಓಡಾಡಿರಬೇಕು.

ಎರಡನೆಯದಾಗಿ, ಆ ಮರಳು ಮನೆ ಕಟ್ಟಲು ಹೋಗಿರುವ ಸಂಭವ ಕಡಿಮೆ. ಹವಳ ಮತ್ತು ಚಿಪ್ಪು ಸವೆದು ಆದ ಬಿಳಿ ಮರಳು ಮೆದು, ಅದರಲ್ಲಿ ಉಪ್ಪು ತುಂಬಿರುತ್ತದೆ. ಅಂಥ ಮರಳಿಗೆ ಕಾಂಕ್ರೀಟಿಗಿಂತ ಹೆಚ್ಚಿನ ಬೆಲೆ ಬರುವುದು ಮತ್ತೊಂದು ಕಡಲತೀರದ ಮೇಲೆ ಹರಡಿದಾಗ. ತೀರ ಕೊರೆದುಹೋದ ಹೋಟೆಲಿಗೆ ಅದು ಬಂಡವಾಳವೇ ಸರಿ. ಪೊಲೀಸರು ಇತರ ತೀರಗಳ ಮಾದರಿ ತೆಗೆದದ್ದೂ ಪ್ರವಾಸೋದ್ಯಮದ ಕಡೆಗಿದ್ದ ಇದೇ ಅನುಮಾನದಿಂದ.

ಕಡಲ ಮರಳನ್ನು ಕಟ್ಟಡಕ್ಕೆ ಬಳಸುವುದಿಲ್ಲವೇ ಎಂದರೆ, ಬಳಸುತ್ತಾರೆ, ಅದೇ ದೊಡ್ಡ ಅಪಾಯ. ಮರಳಿನಲ್ಲಿರುವ ಕ್ಲೋರೈಡ್ ಕಬ್ಬಿಣದ ಸರಳನ್ನು ಒಳಗಿನಿಂದ ತುಕ್ಕು ಹಿಡಿಸುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟು ಸೀಳುತ್ತದೆ. ನಮ್ಮ ಐಎಸ್ 456 ಮಾನಕವು ಸರಳಿರುವ ಕಾಂಕ್ರೀಟಿನಲ್ಲಿ ಘನ ಮೀಟರಿಗೆ 0.6 ಕಿಲೋಗಿಂತ ಹೆಚ್ಚು ಕ್ಲೋರೈಡ್ ಇರಬಾರದೆನ್ನುತ್ತದೆ. ಮರಳನ್ನು ತೊಳೆದರೆ ಉಪ್ಪು ಹೋಗುತ್ತದೆ, ಆದರೆ ತೊಳೆಯಲು ಸಿಹಿನೀರು ಬೇಕು. ಕುಡಿಯುವ ನೀರಿಗೇ ಮಳೆನೀರಿನ ತೊಟ್ಟಿಗಳನ್ನು ನಂಬಿರುವ ದ್ವೀಪದಲ್ಲಿ ಮರಳು ತೊಳೆಯಲು ಯಾರು ನೀರು ಸುರಿಯುತ್ತಾರೆ?

ಹೈಟಿಯಲ್ಲಿ 2010ರ ಜನವರಿ 12ರಂದು ಭೂಕಂಪವಾದ ಮೇಲೆ ಬಿದ್ದ ಕಟ್ಟಡಗಳನ್ನು ಪರೀಕ್ಷಿಸಿದವರು ಪೋರ್ಟ್ ಓ ಪ್ರಿನ್ಸ್ ಮೇಲಿನ ಗುಡ್ಡದ ಲಾಬೂಲ್ ಕ್ವಾರಿಯ ಬಿಳಿ ಸುಣ್ಣಕಲ್ಲಿನ ಮರಳನ್ನು ಮುಖ್ಯ ದೋಷಗಳಲ್ಲಿ ಒಂದೆಂದು ಗುರುತಿಸಿದರು. ಅದು ಹತ್ತಿರದಲ್ಲಿ ಸಿಗುತ್ತಿತ್ತು, ಅಗ್ಗವಾಗಿತ್ತು, ಗೋಡೆಗೆ ಬಳಿದರೆ ಬೆಳ್ಳಗೆ ಕಾಣುತ್ತಿತ್ತು. ಗಟ್ಟಿತನ ಮಾತ್ರ ಇರಲಿಲ್ಲ. ಸರ್ಕಾರ ಅದರ ಬಳಕೆಗೆ ತಡೆ ಹಾಕಿದ್ದು ಅನಾಹುತ ಆದ ಮೇಲೆ.

ಬಯಲುಸೀಮೆ

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಹೋಟೆಲಿನವರ ಕಳ್ಳತನವನ್ನೂ ಬಡವರ ಮನೆಯ ಗಾರೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ನಾನು ಒಪ್ಪುವುದಿಲ್ಲ. 2004ರ ಸೆಪ್ಟೆಂಬರಿನಲ್ಲಿ ಐವನ್ ಚಂಡಮಾರುತ ಗ್ರೆನಡಾದ ಹತ್ತರಲ್ಲಿ ಒಂಬತ್ತು ಮನೆಗಳಿಗೆ ಹಾನಿ ಮಾಡಿತು. ಸೂರು ಹಾರಿಹೋದವನು ಪರ್ಮಿಟ್ಟಿಗೆ ಕಾಯುತ್ತಾನೆಯೇ? ಎದುರಿಗೇ ಕಡಲತೀರವಿದೆ, ಪಿಕ್‌ಅಪ್ ಇದೆ, ಸಲಿಕೆ ಇದೆ. ಚಂಡಮಾರುತ ಪ್ರತಿ ಬಾರಿ ಬಂದಾಗಲೂ ಮರಳಿನ ಬೇಡಿಕೆ ಏರುತ್ತದೆ. ಆ ಬೇಡಿಕೆಯನ್ನು ಕಾನೂನುಬದ್ಧವಾಗಿ ಪೂರೈಸಲು ಸರ್ಕಾರಕ್ಕೆ ಸಾಧ್ಯವಾಗದಿದ್ದರೆ, ಕಾನೂನು ಮುರಿದವನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ಟ್ರಿನಿಡಾಡ್ ವಾಸಿ

ಬಯಲುಸೀಮೆಯವರ ಆಕ್ಷೇಪಕ್ಕೆ ಗ್ರೆನಡಾದ್ದೇ ಉದಾಹರಣೆಯಿಂದ ಉತ್ತರಿಸುತ್ತೇನೆ, ಏಕೆಂದರೆ ಅಲ್ಲಿಯ ಪರಿಸ್ಥಿತಿ ನೀವು ಊಹಿಸಿದ್ದಕ್ಕಿಂತ ತೊಡಕಿನದು. ಅಲ್ಲಿ ಮರಳು ತೆಗೆದು ಮಾರುವ ಹಕ್ಕು ಬಹುಕಾಲ ಇದ್ದದ್ದು 'ಗ್ರ್ಯಾವೆಲ್ ಅಂಡ್ ಕಾಂಕ್ರೀಟ್' ಎಂದು ಜನರು ಕರೆಯುವ ಸರ್ಕಾರಿ ನಿಗಮಕ್ಕೆ. ಪೂರ್ವ ಕರಾವಳಿಯ ಗ್ರೆನ್ವಿಲ್ ಪಟ್ಟಣದ ಪಕ್ಕದ ಟೆಲಿಸ್ಕೋಪ್ ತೀರದಿಂದ ವರ್ಷಗಟ್ಟಲೆ ಮರಳು ಹೋಯಿತು. ತೀರ ಹಿಂದೆ ಸರಿಯಿತು, ಅದರ ಹಿಂದಿದ್ದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಬೇರು ಕಿತ್ತು ಬಿದ್ದವು, ತೆಂಗಿನ ಮರಗಳು ಉಪ್ಪುನೀರಿನಲ್ಲಿ ನಿಂತವು. ಸರ್ಕಾರಿ ಲಾರಿ ಹಗಲಿನಲ್ಲಿ ತೆಗೆದದ್ದು ಕಾನೂನುಬದ್ಧ, ರಾತ್ರಿ ಪಿಕ್‌ಅಪ್ ತೆಗೆದದ್ದು ಅಪರಾಧ. ಅಲೆಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ.

ಗ್ರೆನಡಾಕ್ಕೇ ಸೇರಿದ ಕ್ಯಾರಿಯಾಕೂ ಎಂಬ ಚಿಕ್ಕ ದ್ವೀಪದಲ್ಲಿ ಟಿಬೋ ಎಂಬಲ್ಲಿ ಕಡಲಿಗೆ ಆತುಕೊಂಡ ಹಳೆಯ ಸ್ಮಶಾನವಿದೆ. ಅದರ ಸಮಾಧಿಕಲ್ಲುಗಳು ಈಗ ನೀರಿನಲ್ಲಿವೆ. ಕೆಲವು ವಾಲಿ ನಿಂತಿವೆ, ಕೆಲವು ಅಡ್ಡ ಬಿದ್ದು ಪಾಚಿಗಟ್ಟಿವೆ, ಇಳಿತದ ಹೊತ್ತಿನಲ್ಲಿ ಕೆತ್ತಿದ ಅಕ್ಷರಗಳ ಒಂದೆರಡು ಸಾಲುಗಳನ್ನು ಓದಬಹುದು. ಇದಕ್ಕೆ ಮರಳು ತೆಗೆದದ್ದೊಂದೇ ಕಾರಣವಲ್ಲ. ಸಮುದ್ರಮಟ್ಟ ಏರುತ್ತಿದೆ, ಹವಳದ ದಿಬ್ಬ ಸಾಯುತ್ತಿದೆ. ಆದರೆ ತೀರದಲ್ಲಿ ಮರಳು ಇದ್ದಿದ್ದರೆ ಇಷ್ಟು ಬೇಗ ಹೀಗಾಗುತ್ತಿರಲಿಲ್ಲ ಎಂದು ಆ ದ್ವೀಪದವರೇ ಹೇಳುತ್ತಾರೆ. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಅಪ್ಪಳಿಸಿದ್ದೂ ಇದೇ ಕ್ಯಾರಿಯಾಕೂವಿಗೆ. ಅಲ್ಲೀಗ ಮತ್ತೆ ಮನೆಗಳನ್ನು ಕಟ್ಟಬೇಕಾಗಿದೆ, ಅಂದರೆ ಮತ್ತೆ ಮರಳು ಬೇಕು. ಬಡವನ ಅಗತ್ಯ ನಿಜ. ಅವನ ಮನೆ ಮುಂದಿನ ಚಂಡಮಾರುತಕ್ಕೆ ಸಿಕ್ಕುವುದು ಅವನೇ ತೆಗೆದ ಮರಳಿನಿಂದ ಎಂಬುದೂ ನಿಜ.

ನಾನಿರುವ ಟ್ರಿನಿಡಾಡಿನಲ್ಲಿ ದಂಧೆ ಕಡಲತೀರಕ್ಕಿಂತ ಒಳನಾಡಿನಲ್ಲಿ ಹೆಚ್ಚು. ಈಶಾನ್ಯದ ವೆಲೆನ್ಸಿಯಾ, ವಾಲರ್‌ಫೀಲ್ಡ್ ಕಡೆ ಸರ್ಕಾರಿ ಕಾಡು ಜಮೀನಿನಲ್ಲಿ ಪರವಾನಗಿಯಿಲ್ಲದೆ ಅಗೆದು ಮರಳು, ಜಲ್ಲಿ ಸಾಗಿಸುತ್ತಾರೆ. ಖನಿಜ ಕಾಯ್ದೆ 2000ರಲ್ಲೇ ಬಂದಿದೆ, ದಾಳಿಯಲ್ಲಿ ಯಂತ್ರಗಳೂ ಸಿಗುತ್ತವೆ, ಯಜಮಾನರು ಸಿಗುವುದು ಅಪರೂಪ.

ಭೂಗರ್ಭ

ಎಲ್ಲರೂ 'ಮರಳು' ಎಂದು ಒಂದೇ ಹೆಸರಿನಲ್ಲಿ ಮಾತನಾಡುತ್ತಿದ್ದೀರಿ. ಕೆರಿಬಿಯನ್‌ನಲ್ಲಿ ಕನಿಷ್ಠ ಎರಡು ಬಗೆಯ ದ್ವೀಪಗಳಿವೆ, ಅವುಗಳ ಮರಳಿನ ಗತಿ ಬೇರೆ ಬೇರೆ. ಸೇಂಟ್ ವಿನ್ಸೆಂಟ್, ಗ್ರೆನಡಾ, ಮಾಂಟ್ಸೆರಾಟ್‌ಗಳು ಜ್ವಾಲಾಮುಖಿ ದ್ವೀಪಗಳು. ಬೆಟ್ಟ ಸವೆದು, ಹೊಳೆ ಹೊತ್ತು ತಂದು, ಅಳಿವೆಯಲ್ಲಿ ಸುರಿದ ಕಪ್ಪು ಮರಳು ಅಲ್ಲಿ ಹೆಚ್ಚು. ಬಾರ್ಬುಡಾದಂಥ ತಗ್ಗು ಸುಣ್ಣಕಲ್ಲಿನ ದ್ವೀಪಗಳಲ್ಲಿ ಹೇಳಿಕೊಳ್ಳುವಂಥ ನದಿಯೇ ಇಲ್ಲ. ಅಲ್ಲಿಯ ಮರಳನ್ನು ಮಾಡುವುದು ಹವಳ, ಚಿಪ್ಪು, ಸುಣ್ಣ ಕಟ್ಟುವ ಪಾಚಿ, ಮತ್ತು ಹವಳವನ್ನು ಕಡಿದು ನುಂಗಿ ಪುಡಿಯಾಗಿ ಹೊರಹಾಕುವ ಗಿಳಿಮೀನು. ದೊಡ್ಡ ಗಿಳಿಮೀನೊಂದು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದೆ ಎಂದು ಹವಳ ದಿಬ್ಬಗಳ ಅಧ್ಯಯನಗಳು ತೋರಿಸಿವೆ. ಬೆಲೀಜ್ ದೇಶ 2009ರಲ್ಲಿ, ಬೊನೇರ್ ದ್ವೀಪ 2010ರಲ್ಲಿ ಗಿಳಿಮೀನು ಹಿಡಿಯುವುದನ್ನೇ ನಿಷೇಧಿಸಿದವು. ಪಾಚಿಯನ್ನು ಮೇಯ್ದು ಹವಳವನ್ನು ಉಳಿಸುವ ಮೀನೆಂಬುದೇ ಮುಖ್ಯ ಕಾರಣ. ಮರಳು ಅದರ ಜೊತೆಗೆ ಸಿಗುವ ಲಾಭ.

ಬಾರ್ಬುಡಾದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕು. ಆಂಟಿಗುವಾ ಮತ್ತು ಬಾರ್ಬುಡಾ ಎಂಬ ಜೋಡಿ ರಾಷ್ಟ್ರದ ಈ ಕಿರಿಯ ದ್ವೀಪದ ವಿಸ್ತೀರ್ಣ ಸುಮಾರು 160 ಚದರ ಕಿ.ಮೀ., ಜನಸಂಖ್ಯೆ ಎರಡು ಸಾವಿರದೊಳಗೆ. ಅದರ ನೈಋತ್ಯದ ಪಾಮೆಟ್ಟೊ ಪಾಯಿಂಟ್ ಎಂಬ ಭೂಚಾಚಿನಲ್ಲಿದ್ದ ಎತ್ತರದ ಮರಳು ದಿಬ್ಬಗಳನ್ನು 1970ರ ದಶಕದಿಂದ ಅಗೆದು, ಹಡಗುಗಳಲ್ಲಿ ತುಂಬಿ ಸುತ್ತಲಿನ ದ್ವೀಪಗಳಿಗೆ ಮಾರಲಾಯಿತು. ಬೇರೆ ದ್ವೀಪಗಳ ಹೋಟೆಲುಗಳು, ಮನೆಗಳು ಬಾರ್ಬುಡಾದ ಮರಳಿನಲ್ಲಿ ಎದ್ದವು. ದಿಬ್ಬ ಮುಗಿದ ಮೇಲೂ ನೆಲಮಟ್ಟದ ಕೆಳಗೆ ಅಗೆದರು, ಹಳ್ಳಗಳಲ್ಲಿ ನೀರು ನಿಂತಿತು.

ಆ ನೀರಿನಲ್ಲೇ ತೊಂದರೆ ಇರುವುದು. ಇಂಥ ದ್ವೀಪದ ಅಡಿಯಲ್ಲಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ 1 ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿನೀರಿರುತ್ತದೆ ಎಂಬುದು ಭೂಜಲಶಾಸ್ತ್ರದ ಹಳೆಯ ನಿಯಮ. ಮೇಲಿನ ಮರಳನ್ನು ತೆಗೆದು ನೀರನ್ನು ಬಿಸಿಲಿಗೆ ಒಡ್ಡಿದರೆ ಅದು ಆವಿಯಾಗಿ ಮಟ್ಟ ಇಳಿಯುತ್ತದೆ. ಮೇಲೆ ಒಂದು ಅಡಿ ಇಳಿದರೆ ಕೆಳಗಿನಿಂದ ನಲವತ್ತು ಅಡಿಯಷ್ಟು ಉಪ್ಪುನೀರು ಏರಿ ಬರುವ ದಾರಿಯಾಗುತ್ತದೆ. ದಿಬ್ಬವು ಅಲೆಗೆ ಗೋಡೆಯಾಗಿತ್ತು ಎಂಬುದು ಎಲ್ಲರಿಗೂ ಹೊಳೆಯುತ್ತದೆ, ಅದೇ ದಿಬ್ಬ ಕುಡಿಯುವ ನೀರಿನ ಮುಚ್ಚಳವೂ ಆಗಿತ್ತು ಎಂಬುದು ಬೇಗ ಹೊಳೆಯುವುದಿಲ್ಲ.

2017ರ ಸೆಪ್ಟೆಂಬರ್ 6ರಂದು ಇರ್ಮಾ ಚಂಡಮಾರುತ ಈ ದ್ವೀಪದ ಮೇಲೆಯೇ ಹಾದುಹೋಯಿತು. ಬಹುಪಾಲು ಕಟ್ಟಡಗಳು ಹಾಳಾಗಿ, ಇಡೀ ಜನಸಂಖ್ಯೆಯನ್ನು ಆಂಟಿಗುವಾಕ್ಕೆ ಸಾಗಿಸಬೇಕಾಯಿತು. ದಿಬ್ಬಗಳಿದ್ದಿದ್ದರೆ ಗಾಳಿಯ ಹೊಡೆತ ತಪ್ಪುತ್ತಿತ್ತೆಂದು ಯಾರೂ ಹೇಳಲಾರರು. ನೀರಿನ ನುಗ್ಗುವಿಕೆಯ ವಿಷಯ ಬೇರೆ.

ವಕೀಲರ ಮನೆ

ಭೂಗರ್ಭ ಅವರು ವಿವರಿಸಿದ ಬಾರ್ಬುಡಾದ ಕಥೆಯಲ್ಲಿ ಕಾನೂನಿನ ಒಂದು ಎಳೆ ಬಿಟ್ಟುಹೋಗಿದೆ. ಅಲ್ಲಿಯ ಭೂಮಿ ಯಾರೊಬ್ಬರ ಖಾಸಗಿ ಆಸ್ತಿಯಲ್ಲ, ಅದು ಬಾರ್ಬುಡಾದವರೆಲ್ಲರ ಸಮುದಾಯದ ಸ್ವತ್ತು ಎಂಬ ರೂಢಿಯನ್ನು 2007ರ ಬಾರ್ಬುಡಾ ಭೂ ಕಾಯ್ದೆ ಬರವಣಿಗೆಗೆ ಇಳಿಸಿತು. ಇರ್ಮಾದ ನಂತರ ಕೇಂದ್ರ ಸರ್ಕಾರ ಆ ಕಾಯ್ದೆಯನ್ನು ಬದಲಿಸಲು ಹೊರಟಿತು, ಅದರ ಜಗಳ ಇನ್ನೊಂದು ಚರ್ಚೆಗೆ ಇರಲಿ. ದ್ವೀಪದ ಆಡಳಿತ ನೋಡುವ ಬಾರ್ಬುಡಾ ಕೌನ್ಸಿಲ್ ಸ್ಥಾಪನೆಯಾದದ್ದು 1976ರಲ್ಲಿ, ಹೆಚ್ಚುಕಡಿಮೆ ಮರಳು ರಫ್ತು ಶುರುವಾದ ಕಾಲದಲ್ಲೇ. ಮುಂದೆ ಕೌನ್ಸಿಲ್ಲಿನ ಆದಾಯದ ದೊಡ್ಡ ಮೂಲವೇ ಮರಳಾಯಿತು. ನೌಕರರ ಸಂಬಳ ಮರಳಿನಿಂದ ಬರುತ್ತಿದ್ದರೆ ಮರಳು ನಿಲ್ಲಿಸಿ ಎಂದು ಯಾವ ಸದಸ್ಯ ಕೈ ಎತ್ತುತ್ತಾನೆ? ಅನುಮತಿ ಕೊಡುವ ಅಧಿಕಾರ ಯಾರದೆಂದು ಕೌನ್ಸಿಲ್ಲಿಗೂ ಆಂಟಿಗುವಾದ ಸರ್ಕಾರಕ್ಕೂ ನ್ಯಾಯಾಲಯದಲ್ಲಿ ವ್ಯಾಜ್ಯ ನಡೆಯಿತು. ಆ ವ್ಯಾಜ್ಯದಲ್ಲಿ ಇಬ್ಬರಿಗೂ ಬೇಕಾಗಿದ್ದದ್ದು ಸಹಿ ಹಾಕುವ ಹಕ್ಕು.

ಕಾನೂನುಗಳ ಕೊರತೆ ಎಲ್ಲೂ ಇಲ್ಲ. ಜಮೈಕಾದಲ್ಲಿ 1956ರ ಬೀಚ್ ಕಂಟ್ರೋಲ್ ಕಾಯ್ದೆ ಅಲೆ ಬಡಿಯುವ ಪಟ್ಟಿಯ ಹಕ್ಕನ್ನು ಪ್ರಭುತ್ವಕ್ಕೆ ಒಪ್ಪಿಸಿದೆ, ಕ್ವಾರಿ ನಿಯಂತ್ರಣಕ್ಕೆ ಪ್ರತ್ಯೇಕ ಕಾಯ್ದೆಯಿದೆ. ಡೊಮಿನಿಕನ್ ಗಣರಾಜ್ಯದಲ್ಲಿ ಪರವಾನಗಿಯಿಲ್ಲದೆ ಮರಳು, ಜಲ್ಲಿ, ಕಲ್ಲು ತೆಗೆಯಬಾರದೆಂಬ 123ನೇ ಸಂಖ್ಯೆಯ ಕಾನೂನು ಬಂದದ್ದು 1971ರಲ್ಲಿ. ತೊಡಕಿರುವುದು ಸಾಕ್ಷ್ಯದಲ್ಲಿ. ಕದ್ದ ದನಕ್ಕೆ ಬರೆಯ ಗುರುತಿರುತ್ತದೆ, ಕದ್ದ ವಾಹನಕ್ಕೆ ಚಾಸಿ ಸಂಖ್ಯೆಯಿರುತ್ತದೆ. ಮರಳು ಇನ್ನೊಂದು ರಾಶಿಯ ಮೇಲೆ ಬಿದ್ದ ಗಳಿಗೆಯಲ್ಲೇ ಅದರ ಗುರುತು ಕಲಸಿಹೋಗುತ್ತದೆ. ಕೋರಲ್ ಸ್ಪ್ರಿಂಗ್‌ನಲ್ಲಿ ಪ್ರಯೋಗಾಲಯದ ಹೋಲಿಕೆ ನಡೆದರೂ ಕೊನೆಗೆ ಪ್ರಕರಣ ನಿಂತದ್ದು ಮನುಷ್ಯನೊಬ್ಬನ ಸಾಕ್ಷ್ಯದ ಮೇಲೆ. ಮನುಷ್ಯನನ್ನು ಹೆದರಿಸಬಹುದು.

ಬಯಲುಸೀಮೆ

ಕಡಲತೀರದ್ದು ಅರ್ಥವಾಯಿತು. ನದಿಗಳ ಮರಳು ಪ್ರತಿ ಮಳೆಗಾಲದಲ್ಲೂ ಮತ್ತೆ ಬಂದು ತುಂಬಿಕೊಳ್ಳುತ್ತದಲ್ಲವೇ? ಅಲ್ಲಿ ಮಿತಿಯಲ್ಲಿ ತೆಗೆದರೆ ಏನು ನಷ್ಟ?

ಹಳೇ ಎಂಜಿನಿಯರ್

ಮಿತಿಯಲ್ಲಿ ತೆಗೆದರೆ ನಷ್ಟವಿಲ್ಲ, ಕೆಲವೆಡೆ ಪ್ರವಾಹ ತಗ್ಗಿ ಉಪಕಾರವೂ ಆಗುತ್ತದೆ. ಜಮೈಕಾದ ಯಾಲಾಸ್ ನದಿ ಬ್ಲೂ ಮೌಂಟನ್ ಬೆಟ್ಟಗಳಿಂದ ಅಪಾರ ಕಲ್ಲು ಮರಳನ್ನು ಹೊತ್ತು ತರುತ್ತದೆ. ರಾಜಧಾನಿ ಕಿಂಗ್‌ಸ್ಟನ್ ಬಳಿಯ ನಿರ್ಮಾಣಗಳಿಗೆ ಅದು ದೊಡ್ಡ ಆಧಾರ, ಪರವಾನಗಿ ಪಡೆದ ಕ್ವಾರಿಗಳೂ ಅಲ್ಲಿವೆ. ಕ್ಲಾರೆಂಡನ್ ಪ್ರಾಂತ್ಯದ ರಿಯೊ ಮಿನ್ಹೊದಲ್ಲಿ ಪರವಾನಗಿ ಇಲ್ಲದವರ ಹಾವಳಿಯ ದೂರು ಹಳೆಯದು. ಇಲ್ಲಿ ಲೆಕ್ಕ ತಪ್ಪುವುದು ಎರಡು ಕಾರಣಗಳಿಂದ. ಪರವಾನಗಿಯವನು ಇಷ್ಟು ತೆಗೆಯುತ್ತಾನೆ ಎಂದು ಇಲಾಖೆ ಬರೆದುಕೊಂಡಿರುತ್ತದೆ, ಪರವಾನಗಿ ಇಲ್ಲದವನು ಎಷ್ಟು ತೆಗೆದನೆಂದು ಯಾವ ಪುಸ್ತಕದಲ್ಲೂ ಇರುವುದಿಲ್ಲ. ನದಿಗೆ ಮಾತ್ರ ಎರಡೂ ಸೇರಿಯೇ ನಷ್ಟ. ಇನ್ನೊಂದು, ತೆಗೆಯುವ ಜಾಗ. ಲಾರಿ ಸುಲಭವಾಗಿ ಇಳಿಯುವುದು ಸೇತುವೆಯ ಪಕ್ಕದ ದಾರಿಯಲ್ಲಿ, ಆದ್ದರಿಂದ ಕಳ್ಳ ಮರಳು ಹೆಚ್ಚು ಹೋಗುವುದು ಸೇತುವೆಯ ಕಂಬಗಳ ಬುಡದಿಂದ. ಪಾತ್ರ ಒಂದೆಡೆ ತಗ್ಗಿದರೆ ಆ ತಗ್ಗು ಪ್ರವಾಹದಲ್ಲಿ ಮೇಲ್ಗಡೆಗೆ ಕೊರೆಯುತ್ತಾ ಹೋಗುತ್ತದೆ, ದಂಡೆ ಕುಸಿಯುತ್ತದೆ, ಪಕ್ಕದ ಬಾವಿಗಳ ನೀರು ಇಳಿಯುತ್ತದೆ. ತುಂಗಭದ್ರೆಯ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

'ಮತ್ತೆ ತುಂಬಿಕೊಳ್ಳುತ್ತದೆ' ಎಂಬ ಮಾತಿಗೆ ಡೊಮಿನಿಕನ್ ಗಣರಾಜ್ಯದ ನಿಜಾವೊ ನದಿಯನ್ನು ನೋಡಿ. ರಾಜಧಾನಿ ಸ್ಯಾಂಟೊ ಡೊಮಿಂಗೊ ನಗರಕ್ಕೆ ನೀರು ಕೊಡುವ ವಾಲ್ಡೇಸಿಯಾ ಅಣೆಕಟ್ಟು ಈ ನದಿಯ ಮೇಲಿದೆ. ಬೆಟ್ಟದಿಂದ ಬರುವ ಮರಳು ಅಣೆಕಟ್ಟಿನ ಹಿಂದೆ ಹೂಳಾಗಿ ಕೂರುತ್ತದೆ. ಅಣೆಕಟ್ಟಿನ ಕೆಳಗಿನ ಪಾತ್ರದಲ್ಲಿ ಅಲ್ಲಿಯವರು ಗ್ರಾನ್ಸೆರಾ ಎಂದು ಕರೆಯುವ ಜಲ್ಲಿ ಮರಳಿನ ಘಟಕಗಳು ದಶಕಗಳಿಂದ ನದಿಯನ್ನು ಅಗೆದಿವೆ. ಮೇಲಿನಿಂದ ಬರುವುದು ನಿಂತಿದೆ, ಕೆಳಗಿನಿಂದ ತೆಗೆಯುವುದು ನಿಂತಿಲ್ಲ. ಅಲ್ಲಿ ತುಂಬಿಕೊಳ್ಳಲು ಮರಳು ಎಲ್ಲಿಂದ ಬರಬೇಕು? ಕಡಲತೀರಕ್ಕೂ ಮರಳು ಕೊಡುವುದು ನದಿಯೇ ಆದ್ದರಿಂದ, ನದಿಯಲ್ಲಿ ಕದ್ದ ಮರಳು ಕೆಲವು ವರ್ಷಗಳ ನಂತರ ಕಡಲ್ಕೊರೆತವಾಗಿ ಲೆಕ್ಕಕ್ಕೆ ಬರುತ್ತದೆ.

ಕಡಲತಡಿ

ಕಳೆದುಹೋದ ದಿಬ್ಬವನ್ನು ಮರಳಿ ಕಟ್ಟಲು ಸಾಧ್ಯವೇ ಎಂಬ ಪ್ರಶ್ನೆಗೆ ಪೋರ್ಟೊ ರಿಕೊದಲ್ಲಿ ಒಂದಿಷ್ಟು ಉತ್ತರವಿದೆ. ಅಲ್ಲಿಯ ಉತ್ತರ ಕರಾವಳಿಯ ಇಸಬೆಲಾ, ಕಮುಯ್ ಮುಂತಾದ ಕಡೆ 1950ರ ದಶಕದಿಂದ ಮರಳು ದಿಬ್ಬಗಳನ್ನು ಕಟ್ಟಡ ಕಾಮಗಾರಿಗಳಿಗಾಗಿ ಬೃಹತ್ ಪ್ರಮಾಣದಲ್ಲಿ ತೆಗೆಯಲಾಯಿತು. ಅಗ್ವಾಡಿಯಾದ ವಿಶ್ವವಿದ್ಯಾಲಯದ 'ವಿಡಾ ಮರೀನಾ' ಎಂಬ ಕೇಂದ್ರ ಈಗ ಅವುಗಳನ್ನು ಮತ್ತೆ ಬೆಳೆಸುವ ಕೆಲಸ ಮಾಡುತ್ತಿದೆ. ವಿಧಾನ ಸರಳ: ಗಿಡದ ಬೇರು ಕಾಂಡಗಳಂತೆ ಒತ್ತೊತ್ತಾಗಿ ಮರದ ಗೂಟಗಳನ್ನು ನೆಡುತ್ತಾರೆ, ಗಾಳಿ ಹೊತ್ತು ತಂದ ಮರಳು ಗೂಟಗಳ ನಡುವೆ ವೇಗ ಕಳೆದುಕೊಂಡು ಬೀಳುತ್ತದೆ, ರಾಶಿ ಏರಿದ ಮೇಲೆ ತೀರದ ಬಳ್ಳಿಗಳನ್ನು ನೆಟ್ಟು ಹಿಡಿದಿಡುತ್ತಾರೆ. ಆ ಬಳ್ಳಿಗಳಲ್ಲಿ ಒಂದು ನಮ್ಮ ಕರಾವಳಿಯ ಅಡುಂಬು ಬಳ್ಳಿಯೇ, ಅದೇ ನೇರಳೆ ಹೂವು, ಅದೇ ಸೀಳಿದ ಎಲೆ. 2017ರ ಮರಿಯಾ ಚಂಡಮಾರುತದ ನಂತರ ಈ ಕೆಲಸಕ್ಕೆ ಹೆಚ್ಚು ಗಮನ ಸಿಕ್ಕಿತು. ಆದರೆ ಇದೆಲ್ಲ ಆಗುವುದು ತೀರದಲ್ಲಿ ಹಾರಲು ಒಂದಿಷ್ಟು ಮರಳು ಉಳಿದಿದ್ದರೆ ಮಾತ್ರ.

ಯುನೆಸ್ಕೊ ಬೆಂಬಲದ 'ಸ್ಯಾಂಡ್‌ವಾಚ್' ಎಂಬ ಕಾರ್ಯಕ್ರಮವೂ ಕೆರಿಬಿಯನ್‌ನಲ್ಲೇ ಹುಟ್ಟಿದ್ದು. ಶಾಲಾ ಮಕ್ಕಳು ಗೊತ್ತುಪಡಿಸಿದ ಮರ ಅಥವಾ ಕಟ್ಟಡದಿಂದ ನೀರಿನ ಅಂಚಿಗೆ ಟೇಪು ಹಿಡಿದು ತೀರದ ಅಗಲ ಅಳೆದು ಬರೆದಿಡುತ್ತಾರೆ. ವಕೀಲರು ಹೇಳಿದ ಸಾಕ್ಷ್ಯದ ಕೊರತೆಗೆ ಇಂಥ ದಾಖಲೆ ಉಪಯೋಗಕ್ಕೆ ಬರಲಾರದೇ?

ವಕೀಲರ ಮನೆ

ತೀರ ಕುಗ್ಗಿದ್ದನ್ನು ಅದು ತೋರಿಸುತ್ತದೆ, ಯಾರು ಕುಗ್ಗಿಸಿದರೆಂದು ತೋರಿಸುವುದಿಲ್ಲ. ಪರಿಹಾರದ ದಾವೆಗೆ ನೆರವಾದೀತು, ಕ್ರಿಮಿನಲ್ ಪ್ರಕರಣಕ್ಕೆ ಸಾಲದು.

ಟ್ರಿನಿಡಾಡ್ ವಾಸಿ

ಬಯಲುಸೀಮೆಯವರು ಮೊದಲೇ ಎತ್ತಿದ ಪ್ರಶ್ನೆಗೆ, ಅಂದರೆ ಮನೆ ಕಟ್ಟುವವನಿಗೆ ಬೇರೆ ಮರಳು ಎಲ್ಲಿದೆ ಎಂಬುದಕ್ಕೆ ಯಾರೂ ಇನ್ನೂ ಉತ್ತರಿಸಿಲ್ಲ. ಮಾಂಟ್ಸೆರಾಟ್ ದ್ವೀಪದಲ್ಲಿ 1995ರ ಜುಲೈನಲ್ಲಿ ಎಚ್ಚೆತ್ತ ಜ್ವಾಲಾಮುಖಿ ರಾಜಧಾನಿ ಪ್ಲಿಮತ್ ಅನ್ನೇ ಬೂದಿಯಲ್ಲಿ ಹೂತುಹಾಕಿತು, ಬೆಲ್ಹಮ್ ಕಣಿವೆಯಲ್ಲಿ ಗಾಲ್ಫ್ ಮೈದಾನವೂ ಮುಚ್ಚಿಹೋಯಿತು. ಪ್ರತಿ ದೊಡ್ಡ ಮಳೆಗೂ ಬೆಟ್ಟದ ಬೂದಿ ಕಲ್ಲು ಕೆಸರಾಗಿ ಇಳಿದು ಕಣಿವೆಯನ್ನು ತುಂಬುತ್ತದೆ. ಈಗ ಅಲ್ಲಿಂದಲೇ ಮರಳು ತೆಗೆದು, ನಿರ್ಬಂಧಿತ ವಲಯದಲ್ಲಿರುವ ಪ್ಲಿಮತ್‌ನ ಹಳೆಯ ಧಕ್ಕೆಯಿಂದ ಹಡಗಿಗೆ ತುಂಬಿ ಬೇರೆ ದ್ವೀಪಗಳಿಗೆ ಕಳುಹಿಸುತ್ತಾರೆ. ತೆಗೆದಷ್ಟೂ ಕಣಿವೆಗೆ ಒಳ್ಳೆಯದೇ ಆಗುವ ಮರಳು ಈ ಭಾಗದಲ್ಲಿ ಅದೊಂದೇ ಇರಬೇಕು. ದಕ್ಷಿಣ ಅಮೆರಿಕದ ಗಯಾನಾದಿಂದಲೂ ಒಳನಾಡಿನ ಬಿಳಿ ಮರಳು ದ್ವೀಪಗಳಿಗೆ ಬರುತ್ತದೆ. ಗಟ್ಟಿ ಕಲ್ಲು ಇರುವ ಜ್ವಾಲಾಮುಖಿ ದ್ವೀಪಗಳಲ್ಲಿ ನಮ್ಮ ಎಂ-ಸ್ಯಾಂಡಿನಂತೆ ಕಲ್ಲು ಪುಡಿಮಾಡಿ ಮರಳು ತಯಾರಿಸಬಹುದು, ಕೆಲವೆಡೆ ತಯಾರಿಸುತ್ತಲೂ ಇದ್ದಾರೆ. ಎಲ್ಲಕ್ಕೂ ಹಡಗಿನ ಬಾಡಿಗೆ ಅಥವಾ ಕ್ರಷರಿನ ವಿದ್ಯುತ್ ಖರ್ಚು ಸೇರುತ್ತದೆ. ಡೀಸೆಲ್ಲಿನಿಂದ ವಿದ್ಯುತ್ ಮಾಡುವ ದ್ವೀಪದಲ್ಲಿ ಕಲ್ಲು ಅರೆಯುವುದು ದುಬಾರಿ. ಕಡಲತೀರದ ಮರಳಿಗೆ ಸಲಿಕೆಯ ಖರ್ಚು ಮಾತ್ರ.

ಹಳೇ ಎಂಜಿನಿಯರ್

ಆ ಬೆಲೆಯ ಅಂತರ ಇರುವವರೆಗೆ ಕಾವಲಿನಿಂದ ಪ್ರಯೋಜನವಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಅಂತರವನ್ನು ಕುಗ್ಗಿಸುವ ಒಂದು ಜಾಗ ಯಾರ ಕಣ್ಣಿಗೂ ಬೀಳುತ್ತಿಲ್ಲ. ಈ ದ್ವೀಪಗಳಲ್ಲಿ ಅತಿ ಹೆಚ್ಚು ಕಾಂಕ್ರೀಟು ಕೊಳ್ಳುವುದು ಸರ್ಕಾರಗಳೇ: ಬಂದರು, ವಿಮಾನ ನಿಲ್ದಾಣ, ರಸ್ತೆ, ಆಸ್ಪತ್ರೆ, ಕ್ರೀಡಾಂಗಣ. ಈ ಕಾಮಗಾರಿಗಳ ಟೆಂಡರಿನಲ್ಲಿ ಸಿಮೆಂಟಿನ ಗುಣಮಟ್ಟಕ್ಕೆ ಪ್ರಮಾಣಪತ್ರ ಕೇಳುತ್ತಾರೆ, ಸರಳಿಗೂ ಕೇಳುತ್ತಾರೆ. ಮರಳಿಗೂ ಕ್ವಾರಿಯ ಹೆಸರು, ತೂಕದ ಚೀಟಿ, ಕ್ಲೋರೈಡ್ ಪರೀಕ್ಷೆಯ ವರದಿ ಇಲ್ಲದೆ ಬಿಲ್ಲು ಪಾಸಾಗದು ಎಂದು ಬರೆದರೆ, ಕದ್ದ ಮರಳಿನ ದೊಡ್ಡ ಕೊಳ್ಳುಗ ಮಾರುಕಟ್ಟೆಯಿಂದ ಹೊರಬೀಳುತ್ತಾನೆ. ಕಡಲ ಮರಳು ಕ್ಲೋರೈಡ್ ಪರೀಕ್ಷೆಯಲ್ಲಿ ತಾನಾಗಿಯೇ ಸಿಕ್ಕಿಬೀಳುತ್ತದೆ, ಅದಕ್ಕೆ ಸಾಕ್ಷಿಯನ್ನು ಯಾರೂ ಹೆದರಿಸಲಾಗದು.

ಬಯಲುಸೀಮೆ

ಎಂಜಿನಿಯರ್ ಸಾಹೇಬರೇ, ಇದು ಸರ್ಕಾರಿ ಕಾಮಗಾರಿಗೆ ಸರಿಹೋದೀತು. ಚಂಡಮಾರುತದಲ್ಲಿ ಸೂರು ಕಳೆದುಕೊಂಡವನಿಗೆ ತಗಡು, ಸಿಮೆಂಟು ಪರಿಹಾರವಾಗಿ ಹಂಚುವಾಗ ಅದರ ಜೊತೆಗೇ ತೊಳೆದ ಮರಳಿನ ಒಂದು ಲೋಡನ್ನೂ ಸೇರಿಸಬೇಕು. ಮಾಂಟ್ಸೆರಾಟ್‌ನಿಂದ ಹಡಗು ಬರುತ್ತಿರುವುದಾದರೆ ಅದು ಅಸಾಧ್ಯವೇನಲ್ಲ. ಸಿಮೆಂಟು ಮಾತ್ರ ಕೊಟ್ಟು ಮರಳು ನೀನೇ ನೋಡಿಕೋ ಎಂದರೆ, ಅವನು ನೋಡಿಕೊಳ್ಳುವ ಜಾಗ ಯಾವುದೆಂದು ಕೊಟ್ಟವರಿಗೂ ಗೊತ್ತಿರುತ್ತದೆ.